ಪೆಟ್ಟು ವಾಸಿಯಾದ ಕಣ್ಣಿಗೆ ಮತ್ತೆ ಯಾಕೆ ಪರೀಕ್ಷೆ?

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಕಳೆದ ವರ್ಷ ಕ್ರಿಕೆಟ್ ಚೆಂಡು ಎಡಗಣ್ಣಿಗೆ ಬಡಿದು ಕರಿಗುಡ್ಡೆಯ ಮುಂದೆ ರಕ್ತ ನಿಂತಿತ್ತು. ಡ್ರಾಪ್ಸ್ ಹಾಕಿದ ಮೇಲೆ ಕರಗಿತು. ಈಗ ನೋವಿಲ್ಲ, ಚಾರ್ಟಿನ ಕೊನೇ ಸಾಲನ್ನೂ ಓದುತ್ತಾನೆ. ಆದರೂ ಡಾಕ್ಟರು ಪ್ರತಿ ವರ್ಷ ಬರಬೇಕು ಅಂತಾರೆ. ಸುಮ್ನೆ ದುಡ್ಡು ಕೀಳುವ ದಾರಿ ಅಲ್ವಾ ಇದು?
– ಓದುಗರು, ಹಾವೇರಿ

ಉತ್ತರ: ಅಲ್ಲ. ಹೋಗಲೇಬೇಕು, ಅದೂ ಜೀವನಪೂರ್ತಿ.

ಕಣ್ಣಿನೊಳಗೆ ನೀರಿನಂಥ ದ್ರವ ಹುಟ್ಟುತ್ತಲೇ ಇರುತ್ತದೆ, ಕರಿಗುಡ್ಡೆಯ ಅಂಚಿನ ಮೂಲೆಯಲ್ಲಿರುವ ಜರಡಿಯಂಥ ಜಾಗದಿಂದ ಹೊರಗೆ ಹೋಗುತ್ತಲೇ ಇರುತ್ತದೆ. ಜೋರು ಪೆಟ್ಟು ಬಿದ್ದಾಗ ಆ ಮೂಲೆ ಹರಿಯಬಹುದು. ರಕ್ತ ನಿಂತ ಕಣ್ಣುಗಳಲ್ಲಿ ಇದು ತುಂಬಾ ಸಾಮಾನ್ಯ. ಎಲ್ಲರಿಗೂ ತೊಂದರೆಯಾಗುವುದಿಲ್ಲ, ಆದರೆ ಅರ್ಧ ಸುತ್ತಿಗಿಂತ ಜಾಸ್ತಿ ಹರಿದಿದ್ದರೆ ಜರಡಿ ನಿಧಾನಕ್ಕೆ ಕಲೆಗಟ್ಟಿ, ತಿಂಗಳುಗಳ ಮೇಲೆ ಅಥವಾ ಹತ್ತಿಪ್ಪತ್ತು ವರ್ಷದ ಮೇಲೆ ಕಣ್ಣಿನ ಪ್ರೆಶರ್ ಏರಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗಿ ನೋಟ ಕಳೆಯುವ ಕಾಯಿಲೆ) ಬರುವ ಭಯ ಇದೆ. ನೋವೇ ಇರುವುದಿಲ್ಲ. ಮೊದಲು ಹೋಗುವುದು ಅಕ್ಕಪಕ್ಕದ ನೋಟ, ಹಾಗಾಗಿ ಚಾರ್ಟ್ ಓದಿದ್ದನ್ನು ನಂಬಿ ಕೂರಬೇಡಿ.

ಗೋನಿಯೋಸ್ಕೋಪಿ ಮಾಡಿದ್ದಾರಾ ಅಂತ ಕೇಳಿ. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಕನ್ನಡಿಯಿರುವ ಲೆನ್ಸ್ ಇಟ್ಟು ಆ ಮೂಲೆಯನ್ನೇ ನೋಡುವ ಪರೀಕ್ಷೆ ಅದು. ಮತ್ತೆ ರಕ್ತ ಒಸರಬಹುದು ಅಂತ ಶುರುವಿನಲ್ಲಿ ಮಾಡುವುದಿಲ್ಲ, ಸುಮಾರು ಒಂದು ತಿಂಗಳು ಬಿಡುತ್ತಾರೆ. ಆ ಹೊತ್ತಿಗೆ ಕಣ್ಣು ಬೆಳ್ಳಗಾಗಿರುತ್ತದೆ, ಜನ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಿರುತ್ತಾರೆ!

ಪ್ರೆಶರ್ ಏರಿದರೆ ಮೊದಲು ಡ್ರಾಪ್ಸ್. ಟಿಮೋಲಾಲ್ ಅನ್ನುವ ಡ್ರಾಪ್ಸ್ ಕೊಡುವುದಿದ್ದರೆ, ಮಗನಿಗೆ ಉಬ್ಬಸ ಇದ್ದರೆ ಮೊದಲೇ ಹೇಳಿ. ಪೈಲೋಕಾರ್ಪಿನ್ ಅನ್ನುವ ಇನ್ನೊಂದು ಡ್ರಾಪ್ಸ್ ಈ ಬಗೆಯ ಗ್ಲಾಕೋಮಾಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ, ಜರಡಿಗೆ ಹೊಡೆಯುವ ಲೇಸರ್ ಕೂಡ ಅಷ್ಟಾಗಿ ಫಲ ಕೊಡುವುದಿಲ್ಲ, ಡ್ರಾಪ್ಸಿಗೆ ಬಗ್ಗದಿದ್ದರೆ ಆಪರೇಷನ್ನೇ. ಕಣ್ಣು ಕೆಂಪಾಯಿತು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೆರಾಯ್ಡ್ ಡ್ರಾಪ್ಸ್ ಹಾಕಿಕೊಳ್ಳುವ ಚಾಳಿ ಮಾತ್ರ ಬೇಡ, ಅದೇ ಪ್ರೆಶರ್ ಏರಿಸುತ್ತದೆ.

ಇನ್ನು ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬಿಂಬ ಹಿಡಿಯುವ ಪದರ. ಪೆಟ್ಟಿಗೆ ಅದರ ಅಂಚು ಹರಿದಿದ್ದರೂ ಹುಡುಗರ ಕಣ್ಣೊಳಗಿನ ಲೋಳೆ ಗಟ್ಟಿಯಾಗಿರುವುದರಿಂದ ತಕ್ಷಣ ಕಳಚುವುದಿಲ್ಲ, ತಿಂಗಳುಗಟ್ಟಲೆ ತಡವಾಗಿ ಗೊತ್ತಾಗುತ್ತದೆ. ಪಾಪೆ ಹಿಗ್ಗಿಸಿ ಅಂಚಿನವರೆಗೂ ನೋಡಬೇಕು. ಹರಿದಷ್ಟೇ ಇದ್ದರೆ ಲೇಸರ್‌ನಲ್ಲಿ ಮುಗಿಯುತ್ತದೆ, ಕಳಚಿದರೆ ಆಪರೇಷನ್. ಮಿಂಚು ಹೊಡೆದಂತೆ ಕಂಡರೆ, ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲಿದರೆ, ಒಂದು ಕಡೆಯಿಂದ ಪರದೆ ಬಿದ್ದಂತಾದರೆ ವರ್ಷದ ಪರೀಕ್ಷೆಗೆ ಕಾಯಬೇಡಿ, ಅವತ್ತೇ ಹೋಗಿ.

ಪೊರೆಯೂ ಬೇಗ ಬರಬಹುದು. ಆಪರೇಷನ್‌ಗೆ ಹೋದಾಗ, ಎಷ್ಟೇ ವರ್ಷವಾಗಿರಲಿ, ಹಿಂದೆ ಚೆಂಡು ಬಿದ್ದಿತ್ತು ಅಂತ ಹೇಳಲಿ. ಕಣ್ಣೊಳಗಿನ ಲೆನ್ಸ್ ಹಿಡಿದಿರುವ ಎಳೆಗಳು ಸಡಿಲವಾಗಿದ್ದರೆ ಡಾಕ್ಟರಿಗೆ ಮೊದಲೇ ತಯಾರಿ ಬೇಕು. ಪ್ರೆಶರ್ ನೋಡಿಸುವಾಗ ಬಲಗಣ್ಣನ್ನೂ ನೋಡಿಸಿ. ಪೆಟ್ಟಿನಿಂದ ಗ್ಲಾಕೋಮಾ ಬಂದವರಲ್ಲಿ ಪೆಟ್ಟು ಬೀಳದ ಕಣ್ಣಿಗೂ ಅದು ಬರುವುದುಂಟು.