ಕಲಬುರಗಿಯ ಪಾರ್ಕಿಗೆ ಸಾಕಿದ ನಾಯಿ ತರಬೇಡಿ ಅಂತ ಹೇಳಬಹುದಾ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ವರ್ಗವಾಗಿ ಕಲಬುರಗಿಗೆ ಬಂದಿದ್ದೀರಿ. ಬೆಳಗ್ಗೆ ಮಗಳ ಜೊತೆ ಪಬ್ಲಿಕ್ ಗಾರ್ಡನ್ ಕಡೆ ವಾಕಿಂಗ್ ಹೋಗುತ್ತೀರಿ. ಸಾಕಿದ ನಾಯಿಗಳನ್ನು ಕರೆದುಕೊಂಡು ಬರುವವರು ದಿನೇ ದಿನೇ ಜಾಸ್ತಿ ಆಗುತ್ತಿದ್ದಾರೆ. ಆ ದಟ್ಟಣೆಯಲ್ಲಿ ಗಲಾಟೆ ಆದದ್ದನ್ನೂ ನೋಡಿದ್ದೀರಿ. ಮಗಳು ಹೆದರಿ ನಿಮ್ಮ ಹಿಂದೆ ಅಡಗುತ್ತಾಳೆ. ಹೇಳಿದರೆ "ಅದು ಏನೂ ಮಾಡಂಗಿಲ್ಲ ಬಿಡ್ರಿ" ಅನ್ನುತ್ತಾರೆ. ನಾಯಿ ತರಬೇಡಿ ಅಂತ ಹೇಳುವ ಹಕ್ಕು ನಿಮಗೆ ಇದೆಯಾ, ಕಾನೂನು ಏನು ಹೇಳುತ್ತದೆ?

ಗೇಟಿನಲ್ಲಿ ನಾಯಿ ತರಬಾರದು ಎಂಬ ಬೋರ್ಡ್ ಇದ್ದರೆ ಇದೆ, ಮಾತು ಅಲ್ಲಿಗೇ ಮುಗಿಯಿತು. ಬೋರ್ಡ್ ಇಲ್ಲದ ಕಡೆ, ರಸ್ತೆಯಲ್ಲಿ, ಕೆರೆ ದಂಡೆಯಲ್ಲಿ "ತರಲೇಬೇಡಿ" ಅನ್ನುವುದು ಕಷ್ಟ. ಆದರೆ "ಹಗ್ಗ ಗಿಡ್ಡ ಹಿಡೀರಿ, ನಮ್ಮಿಂದ ದೂರ ಹೋಗ್ರಿ" ಅನ್ನುವ ಹಕ್ಕು ನಿಮಗೆ ಪೂರ್ತಿ ಇದೆ. ಅದಕ್ಕೆ ನೀವು ಕಾರಣ ಕೊಡಬೇಕಾಗಿಲ್ಲ. ಇದನ್ನು ಹೇಳುತ್ತಿರುವ ನಾನೂ ನಾಯಿ ಸಾಕಿದವಳೇ, ಇದೇ ಊರಿನವಳು.

"ಏನೂ ಮಾಡಂಗಿಲ್ಲ" ಅನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರ ಮನೆಯಲ್ಲಿ ಅದು ನಿಜವಾಗಿಯೂ ಏನೂ ಮಾಡಿರುವುದಿಲ್ಲ. ಆದರೆ ಅವರಿಗೆ ಗೊತ್ತಿರುವುದು ಮನೆಯ ನಾಯಿ. ಪಾರ್ಕಿನಲ್ಲಿ ಒಬ್ಬರು ಜಾಗಿಂಗ್ ಮಾಡುತ್ತಿರುತ್ತಾರೆ, ಮಕ್ಕಳು ಕಿರುಚುತ್ತಿರುತ್ತಾರೆ, ಬೀದಿ ನಾಯಿಯೊಂದು ಗುರ್ ಅನ್ನುತ್ತಿರುತ್ತದೆ. ಅಷ್ಟರ ನಡುವೆ ತನ್ನ ನಾಯಿ ಏನು ಮಾಡುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು. ಅದೂ ಅಲ್ಲದೆ, ಹೆದರಿದವರಿಗೆ ಬೇಕಿರುವುದು ಖಾತ್ರಿ ಅಲ್ಲ, ದೂರ. ಹೆದರಿದ ಮಗುವಿನ ಹತ್ತಿರ ನಾಯಿ ತಂದು "ಮುಟ್ಟು ಮುಟ್ಟು, ಏನೂ ಆಗಲ್ಲ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಭಯ ಹೋಗುವುದು ಹಾಗಲ್ಲ, ಹಾಗೆ ಮಾಡಿದರೆ ಅದು ಇನ್ನೂ ಗಟ್ಟಿಯಾಗುತ್ತದೆ.

ನಮ್ಮ ಅವ್ವನಿಗೆ ಇವತ್ತಿಗೂ ನಾಯಿ ಅಂದರೆ ಭಯ. ಸಣ್ಣವಳಿದ್ದಾಗ ಹಳ್ಳಿಯಲ್ಲಿ ನಾಯಿ ಕಚ್ಚಿತ್ತು. ಆಗ ಹೊಟ್ಟೆಗೆ 14 ಇಂಜೆಕ್ಷನ್ ಚುಚ್ಚುವ ಕಾಲ. ಆ ಹಳೆಯ ಲಸಿಕೆ 2000ದ ದಶಕದಲ್ಲಿ ನಿಂತು ಹೋಯಿತು, ಈಗ ತೋಳಿಗೆ ಕೊಡುವ ಕೆಲವೇ ಡೋಸು. ಆದರೆ ಆ ನೋವು ತಿಂದವರು, ಅದನ್ನು ಪಕ್ಕದಲ್ಲಿ ನಿಂತು ನೋಡಿದವರು ನಮ್ಮೂರಿನ ಪ್ರತಿ ಓಣಿಯಲ್ಲೂ ಇದ್ದಾರೆ. ಅವರಿಗೆ ಕಟ್ಟಿದ ನಾಯಿ, ಬಿಟ್ಟ ನಾಯಿ ಎರಡೂ ಒಂದೇ. ಬೆಳಗ್ಗೆ ಪಾರ್ಕಿಗೆ ಬರುವ ಹಿರಿಯರಲ್ಲಿ ಅಂಥವರು ಎಷ್ಟು ಜನ ಇದ್ದಾರೋ, ಮುಖ ನೋಡಿ ಹೇಳಲು ಆಗುವುದಿಲ್ಲ. ಹಾಗಾಗಿ ಎಲ್ಲರಿಂದಲೂ ದೂರ ಹಿಡಿಯುವುದೇ ಸರಿ ಅಲ್ವಾ.

ಇನ್ನೊಂದು ವಿಷಯ ಹೊರಗಿನಿಂದ ಬಂದ ನಿಮಗೆ ಅಷ್ಟಾಗಿ ಕಾಣಿಸಿರಲಿಕ್ಕಿಲ್ಲ. ನಮ್ಮ ಊರಲ್ಲಿ ಬೆಳಗಿನ ನಮಾಜ್ ಮುಗಿಸಿ ಹಾಗೇ ವಾಕಿಂಗ್ ಬರುವವರು ಇದ್ದಾರೆ. ನಾಯಿಯ ಜೊಲ್ಲು ಬಟ್ಟೆಗೆ ತಾಗಿದರೆ ತೊಳೆಯದೆ ನಮಾಜ್ ಮಾಡುವುದಿಲ್ಲ ಎಂಬುದನ್ನು ಅವರಲ್ಲಿ ಬಹಳ ಜನ ಪಾಲಿಸುತ್ತಾರೆ. ಸ್ನಾನ ಮಾಡಿ, ಮಡಿಯಲ್ಲಿ ಹೂವು ಹಿಡಿದು ಶರಣಬಸವೇಶ್ವರ ಗುಡಿಗೆ ಹೊರಟ ಅಜ್ಜಿಯೂ ಇರುತ್ತಾಳೆ. ಇವರಿಗೆ ನಾಯಿ ಮೇಲೆ ದ್ವೇಷ ಇಲ್ಲ. ಮೈಗೆ ತಾಗಬಾರದು, ಅಷ್ಟೇ. ಒಂದು ಸಲ ಪ್ರೀತಿಯಿಂದ ಮೂತಿ ತಾಗಿಸಿದರೂ ಅವರು ಮನೆಗೆ ಹೋಗಿ ಬಟ್ಟೆ ಬದಲಿಸಬೇಕು. ನಾಯಿ ಹಿಡಿದವರು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಆ ತೊಂದರೆಯೇ ಇಲ್ಲ.

ಹಾಗಂತ ನಾಯಿ ನಮ್ಮ ಭಾಗಕ್ಕೆ ಹೊಸದೇನಲ್ಲ. ಗಾಣಗಾಪುರದ ದತ್ತನ ಫೋಟೋ ನೋಡಿ, ಕಾಲ ಬಳಿ ನಾಲ್ಕು ನಾಯಿಗಳು. ಅವು ನಾಲ್ಕು ವೇದ ಎನ್ನುತ್ತಾರೆ. ಯಾದಗಿರಿ ಕಡೆಯ ಮೈಲಾಪುರಕ್ಕೂ, ಬೀದರ್ ಜಿಲ್ಲೆಯ ಖಾನಾಪುರದ ಮೈಲಾರ ಮಲ್ಲಣ್ಣನಿಗೂ ನಡೆದುಕೊಳ್ಳುವ ಜನ ನಾಯಿಗೆ ಕಾಲು ತಾಗಿದರೂ ಕೈ ಮುಗಿಯುತ್ತಾರೆ. ಕುರಿ ಕಾಯುವವರ ಹಿಂದೆ ನಾಯಿ ಇದ್ದೇ ಇತ್ತು, ಹೊಲದ ಮನೆಗೂ ಇತ್ತು. ಬದಲಾಗಿರುವುದು ನಾಯಿ ಇರುವ ಜಾಗ. ಮೊದಲು ಅದು ಅಂಗಳದಲ್ಲಿತ್ತು, ರಾತ್ರಿ ಬೊಗಳುವುದು ಅದರ ಕೆಲಸ. ಈಗ ರಿಂಗ್ ರೋಡ್ ಆಚೆ ಈಚೆ ಅಪಾರ್ಟ್‌ಮೆಂಟ್‌ಗಳು ಎದ್ದಿವೆ, ಮಕ್ಕಳು ಬೆಂಗಳೂರು, ಹೈದರಾಬಾದ್, ಪುಣೆ ಸೇರಿದ್ದಾರೆ. ಲಾಕ್‌ಡೌನ್ ಕಾಲದಲ್ಲಿ ಮನೆಗೆ ಮರಿ ತಂದವರೂ ಬಹಳ. ಎರಡನೇ ಮಹಡಿಯ ಮನೆಯಲ್ಲಿ ಅಂಗಳ ಎಲ್ಲಿ? ಆ ನಾಯಿ ಉಚ್ಚೆ ಹೊಯ್ಯಲೂ ಬೀದಿಗೇ ಬರಬೇಕು. ದಿನಾ ಎರಡು ಸಲ ಹೊರಗೆ ತಿರುಗಾಡದ ನಾಯಿ ಮನೆಯಲ್ಲಿ ಬಾಗಿಲು ಕಡಿಯುತ್ತದೆ, ಎಲ್ಲದಕ್ಕೂ ಬೊಗಳುತ್ತದೆ, ಕೊನೆಗೆ ಕಚ್ಚುವ ಸ್ವಭಾವಕ್ಕೂ ಬರುತ್ತದೆ. ಹೊರಗೆ ತರಲೇಬೇಡಿ ಅಂದರೆ ಊರಿಗೂ ಒಳ್ಳೆಯದಾಗುವುದಿಲ್ಲ.

ಜೊತೆಗೆ ನಮ್ಮ ಬಿಸಿಲು. ಏಪ್ರಿಲ್, ಮೇ ಬಂತೆಂದರೆ ಇಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1:30ಕ್ಕೆ ಮುಗಿಯುತ್ತವೆ. 42, 43 ಡಿಗ್ರಿಯ ಊರು. ಸೂರ್ಯ ಏರುವ ಮುಂಚಿನ ಒಂದೂವರೆ ಗಂಟೆಯಲ್ಲೇ ಎಲ್ಲರೂ ಓಡಾಡಿ ಮುಗಿಸಬೇಕು: ಶುಗರ್ ಇರುವವರು, ಕ್ರಿಕೆಟ್ ಆಡುವ ಹುಡುಗರು, ನಿಮ್ಮ ಮಗಳು, ನಮ್ಮ ನಾಯಿ. ನೀವು ಹೇಳುವ ದಟ್ಟಣೆಗೆ ಅರ್ಧ ಕಾರಣ ಇದು. ನಾಯಿಗೆ ಬೇರೆ ಹೊತ್ತು ಹುಡುಕಿ ಎನ್ನೋಣ ಎಂದರೆ, ಹತ್ತು ಗಂಟೆಗೆ ಡಾಂಬರು ರಸ್ತೆ, ಫರಸಿ ಹಾಸಿದ ದಾರಿ ಎರಡೂ ಕಾದಿರುತ್ತವೆ. ನಾಯಿಗೆ ಚಪ್ಪಲಿ ಇಲ್ಲ, ಪಾದ ಸುಟ್ಟು ಚರ್ಮ ಏಳುತ್ತದೆ. ನಿಮ್ಮ ಅಂಗೈಯನ್ನು ನೆಲದ ಮೇಲೆ ಐದಾರು ಸೆಕೆಂಡ್ ಇಡಲು ಆಗದಿದ್ದರೆ ಅಲ್ಲಿ ನಾಯಿಯನ್ನೂ ನಡೆಸಬಾರದು.

ಇಲ್ಲಿ ನಾಯಿ ಸಾಕಿದವರಿಗೆ ಒಂದು ಮಾತು ಹೇಳಲೇಬೇಕು. ಈ ಊರಿನಲ್ಲಿ ಹಸ್ಕಿ ಸಾಕುತ್ತಾರೆ. ಹಿಮದಲ್ಲಿ ಗಾಡಿ ಎಳೆಯಲು ಹುಟ್ಟಿದ ತಳಿ ಅದು, ಎರಡು ಪದರದ ಕೂದಲು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ಮೂತಿ ಚಪ್ಪಟೆ ಇರುವ ಪಗ್‌ಗೆ ಅದೂ ಸರಿಯಾಗಿ ಆಗುವುದಿಲ್ಲ. ಮೇ ತಿಂಗಳ ಸಂಜೆ ಆರಕ್ಕೆ ನಮ್ಮ ಸೂಪರ್ ಮಾರ್ಕೆಟ್ ಪೇಟೆಯ ಗದ್ದಲದಲ್ಲಿ ಇಂಥ ನಾಯಿಯನ್ನು ಎಳೆದುಕೊಂಡು ತಿರುಗುವುದು ಅದಕ್ಕೆ ಹಿಂಸೆ. ಹಾಗೆ ಬಿಸಿಲಿಗೆ, ಗದ್ದಲಕ್ಕೆ ಕಂಗೆಟ್ಟ ನಾಯಿಯೇ ಪಕ್ಕದವರ ಮೇಲೆ ಎಗರುವುದು. ನಮ್ಮ ಹವೆಗೆ ಹೊಂದುವ ನಾಯಿ ಬೇಕಾದರೆ ಮುಧೋಳ ಇದೆ. ತೆಳ್ಳನೆ ಮೈ, ಗಿಡ್ಡ ಕೂದಲು. 2005ರಲ್ಲಿ ಅಂಚೆ ಇಲಾಖೆ ಅದರ ಸ್ಟಾಂಪನ್ನೇ ತಂದಿತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗೆಂದೇ ಇರುವ ಸಂಶೋಧನಾ ಕೇಂದ್ರವನ್ನು ನಡೆಸುವುದು ನಮ್ಮ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ. ಆದರೆ ಅದು ಬೇಟೆ ನಾಯಿ. ಏನಾದರೂ ಓಡಿದ್ದು ಕಣ್ಣಿಗೆ ಬಿದ್ದರೆ ಹಿಂದೆ ಹೋಗಿಯೇ ಬಿಡುತ್ತದೆ, ಕರೆದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಪಾರ್ಕಿನಲ್ಲಿ ಅದರ ಹಗ್ಗ ಬಿಚ್ಚಲೇಬಾರದು. ನಾವು ಸಾಕಿದ್ದು ಓಣಿಯಲ್ಲೇ ಹುಟ್ಟಿದ ಹೆಣ್ಣು ಮರಿ, ಬಿಸಿಲು ಅದಕ್ಕೆ ಹುಟ್ಟಿನಿಂದ ಗೊತ್ತು.

ಕಾನೂನು ಕೇಳಿದ್ದೀರಿ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ತನ್ನ ಪ್ರಾಣಿಯಿಂದ ಬೇರೆಯವರ ಜೀವಕ್ಕೆ ಅಪಾಯ ಅಥವಾ ದೊಡ್ಡ ಗಾಯ ಆಗದಂತೆ ನೋಡಿಕೊಳ್ಳದೆ ಉದಾಸೀನ ಮಾಡಿದವರಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಇನ್ನೊಂದು ಕಡೆ, ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಪಿಟ್ ಬುಲ್, ರಾಟ್‌ವೀಲರ್ ಥರದ 23 ತಳಿಗಳನ್ನು ಕೇಂದ್ರ ಸರ್ಕಾರ ನಿಷೇಧ ಮಾಡಿದೆ ಅಂತ ನಿಮ್ಮ ಜೊತೆ ಯಾರೋ ವಾದ ಮಾಡಿದರಂತೆ. 2024ರ ಮಾರ್ಚ್‌ನ ಆ ಸುತ್ತೋಲೆಯನ್ನು ಏಪ್ರಿಲ್‌ನಲ್ಲೇ ನಮ್ಮ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು. ಇನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿ ತೆಗೆಯಿರಿ ಎಂದದ್ದು ಬೀದಿ ನಾಯಿಗಳ ಬಗ್ಗೆ. ಹಗ್ಗ ಹಾಕಿ ಕರೆದುಕೊಂಡು ಬರುವ ನಾಯಿಗೂ ಅದಕ್ಕೂ ಸಂಬಂಧ ಇಲ್ಲ. ಈ ಎರಡನ್ನೂ ಕಲಸಿಬಿಟ್ಟರೆ ಜಗಳ ಬಗೆಹರಿಯುವುದೇ ಇಲ್ಲ.

ಬೀದಿ ನಾಯಿ ಅಂದಾಗ ನೆನಪಾಯಿತು. ನೀವು ನೋಡಿದ ಗಲಾಟೆಯಲ್ಲಿ ಬಹಳಷ್ಟು ಇದರಿಂದಲೇ ಆಗಿರಬೇಕು. ಸಾಕಿದ ನಾಯಿ ಬೇರೆ ಓಣಿಗೆ ಕಾಲಿಟ್ಟರೆ ಅಲ್ಲಿನ ನಾಯಿಗಳು ಗುಂಪು ಕಟ್ಟಿ ಬರುತ್ತವೆ. ಮಾಲೀಕರು ಗಾಬರಿಯಿಂದ ಕೋಲು ಬೀಸುತ್ತಾರೆ, ಹಗ್ಗ ಕಾಲಿಗೆ ಸುತ್ತಿಕೊಳ್ಳುತ್ತದೆ, ಮಧ್ಯೆ ಸಿಕ್ಕವರಿಗೆ ಗಾಯ. ಎಲ್ಲಿ ಗುಂಪು ಇರುತ್ತದೆ ಅಂತ ನಾಯಿ ಸಾಕಿದವರಿಗೆ ಗೊತ್ತೇ ಇರುತ್ತದೆ, ಆ ದಾರಿ ಬಿಡಬೇಕು.

ಹೊಲಸಿನ ವಿಷಯದಲ್ಲಿ ನಾನು ಯಾರ ಪರವೂ ಮಾತಾಡುವುದಿಲ್ಲ. ಎತ್ತಲೇಬೇಕು. ನಾಯಿಯ ಹೊಟ್ಟೆಯ ಜಂತುಹುಳದ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಮಣ್ಣಾಡಿ ಕೈ ಬಾಯಿಗೆ ಹಾಕುವ ಮಕ್ಕಳ ಹೊಟ್ಟೆ ಸೇರುತ್ತವೆ. ಒಂದು ಹಳೆ ಪೇಪರ್ ಜೇಬಿನಲ್ಲಿಟ್ಟುಕೊಂಡರೆ ಸಾಕು. ನಾಯಿಗೆ ಮೂರು ತಿಂಗಳಿಗೊಮ್ಮೆ ಹುಳದ ಔಷಧಿ, ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ. ಇದನ್ನೂ ಮಾಡಿಸದವರು ನಾಯಿಯನ್ನು ಜನರ ನಡುವೆ ತರಬಾರದು. ಸೆಪ್ಟೆಂಬರ್ 28ರ ರೇಬಿಸ್ ದಿನದ ಸುತ್ತ ಪಶು ಆಸ್ಪತ್ರೆಗಳಲ್ಲಿ ಲಸಿಕೆಯನ್ನು ಪುಕ್ಕಟೆ ಹಾಕುವ ಶಿಬಿರ ಮಾಡುತ್ತಾರೆ, ಹಾಗಾಗಿ ದುಡ್ಡಿನ ನೆಪವೂ ನಡೆಯುವುದಿಲ್ಲ.

ನೀವು ಏನು ಮಾಡಬಹುದು? ಒಬ್ಬೊಬ್ಬರ ಜೊತೆ ಜಗಳ ಆಡಬೇಡಿ, ಅದರಿಂದ ಮಗಳ ಭಯ ಜಾಸ್ತಿ ಆಗುತ್ತದೆ. ದಿನಾ ಬರುವ ಹಿರಿಯರು ನಾಲ್ಕು ಜನ, ನಾಯಿ ತರುವವರು ನಾಲ್ಕು ಜನ ಕೂತು ಮಾತಾಡಿ. ಒಂದು ಮೂಲೆ ಅಥವಾ ಒಂದು ಹೊತ್ತು ನಾಯಿಗಳಿಗೆ ಅಂತ ಗೊತ್ತು ಮಾಡಿ, ಪಾರ್ಕ್ ನೋಡಿಕೊಳ್ಳುವ ಕಚೇರಿಗೆ ಎಲ್ಲರೂ ಸೇರಿ ಸಹಿ ಹಾಕಿ ಕೊಡಿ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೆ ಬೇಲಿ ಹಾಕಿದ ಬೇರೆ ಜಾಗವೇ ಇದೆ. ಹಾಗಿದ್ದೂ 2022ರಲ್ಲಿ ಅಲ್ಲಿ ನಾಯಿಗಳನ್ನೇ ನಿಷೇಧಿಸುವ ಮಾತು ಬಂದು ದೊಡ್ಡ ಗದ್ದಲ ಆಯಿತು. ಕಾರಣ ಇವೇ, ಬಿಚ್ಚಿಬಿಟ್ಟ ಹಗ್ಗ, ಎತ್ತದ ಹೊಲಸು. ನಮ್ಮಲ್ಲಿ ಇನ್ನೂ ನಾಯಿಗಳ ಸಂಖ್ಯೆ ಅಷ್ಟಿಲ್ಲ. ಈಗಲೇ ಮಾತಾಡಿಕೊಂಡರೆ ಸುಲಭ.

ಮಗಳಿಗೆ ಇಷ್ಟು ಹೇಳಿಕೊಡಿ. ನಾಯಿ ಹತ್ತಿರ ಬಂದರೆ ಓಡಬಾರದು, ಕಿರುಚಬಾರದು. ಕೈ ಎರಡೂ ಮೈಗೆ ಅಂಟಿಸಿ, ಅದರ ಕಣ್ಣನ್ನು ದಿಟ್ಟಿಸದೆ ಸುಮ್ನೆ ನಿಲ್ಲಬೇಕು. ಓಡಿದರೆ ಸಾಧು ನಾಯಿಯೂ ಆಟ ಅಂದುಕೊಂಡು ಬೆನ್ನು ಹತ್ತುತ್ತದೆ. ಮುಂದೆ ಅವಳಿಗೇ ಮನಸ್ಸಾದರೆ, ಮಾಲೀಕರನ್ನು ಕೇಳಿ ದೂರದಿಂದ ನೋಡಲಿ. ಅವಳಿಗೆ ಮನಸ್ಸಾದರೆ ಮಾತ್ರ.

ಇನ್ನು, ಸಾಕಿದ ನಾಯಿಯೇ ಕಚ್ಚಲಿ ಅಥವಾ ಹಲ್ಲು ತಾಗಿ ಸಣ್ಣಗೆ ತರಚಲಿ, ಮೊದಲು ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರಪುಡಿ, ಅರಿಶಿಣ ಏನೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಪುಕ್ಕಟೆ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಕೊಡುವ ರೇಬಿಸ್ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಇಂಜೆಕ್ಷನ್ನೂ ಬೇಕು, ಅದನ್ನು ನೀವೇ ಬಾಯಿಬಿಟ್ಟು ಕೇಳಿ. ನಾಯಿಯ ಲಸಿಕೆ ಕಾರ್ಡನ್ನು ಮಾಲೀಕರಿಂದ ಪಡೆದು ಡಾಕ್ಟರಿಗೆ ತೋರಿಸಿ, ನಾಯಿಯನ್ನು 10 ದಿನ ಕಣ್ಣಳತೆಯಲ್ಲಿ ಇಡಲು ಹೇಳಿ. ಆದರೆ ಆ 10 ದಿನ ಮುಗಿಯಲಿ ಅಂತ ನೀವು ಲಸಿಕೆಗೆ ಕಾಯಬೇಡಿ. ಮೊದಲ ಡೋಸು ಅವತ್ತೇ ಆಗಬೇಕು.