ಒಂಬತ್ತನೇ ಕ್ಲಾಸಿನ ಮಕ್ಕಳಿಂದ ಬ್ಲಾಗ್ ಬರೆಸಬಹುದಾ?

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಪ್ರಬಂಧ ಬರೀರಿ ಅಂದ್ರೆ ಮಕ್ಕಳು ಗೈಡ್ ನೋಡಿ ಇಳಿಸುತ್ತಾರೆ. ಒಂಬತ್ತನೇ ತರಗತಿಯವರಿಂದ ಬ್ಲಾಗ್ ಬರೆಸೋಣ ಅಂದರೆ ಹೆಡ್‌ಮಾಸ್ಟರ್ ‘ಬೇಡ, ಸುಮ್ನೆ ತಲೆನೋವು’ ಅನ್ನುತ್ತಾರೆ. ಲಾಭ ಜಾಸ್ತಿಯೋ, ತೊಂದರೆ ಜಾಸ್ತಿಯೋ?

ಉತ್ತರ: ಬರೆಸಿ ಮೇಡಂ. ಆದರೆ ಹೆಡ್‌ಮಾಸ್ಟರ್ ಹೆದರಿಕೆಯೂ ಸುಳ್ಳಲ್ಲ, ಅದನ್ನು ಮೊದಲು ನೋಡೋಣ.

2012ರಲ್ಲಿ ಸ್ಕಾಟ್ಲೆಂಡಿನ ಲಾಖ್‌ಗಿಲ್ಪ್‌ಹೆಡ್ ಎಂಬ ಊರಿನಲ್ಲಿ ಮಾರ್ಥಾ ಪೇನ್ ಎಂಬ 9 ವರ್ಷದ ಹುಡುಗಿ ಅಪ್ಪನ ನೆರವಿನಿಂದ ‘ನೆವರ್‌ಸೆಕೆಂಡ್ಸ್’ ಅಂತ ಬ್ಲಾಗ್ ಶುರು ಮಾಡಿದಳು. ಶಾಲೆಯ ಮಧ್ಯಾಹ್ನದ ಊಟದ ಫೋಟೊ ಹಾಕಿ ಅಂಕ ಕೊಡುತ್ತಿದ್ದಳು. ಎಷ್ಟು ತುತ್ತು, ಎಷ್ಟು ಬೆಲೆ, ತಟ್ಟೆಯಲ್ಲಿ ಕೂದಲು ಎಷ್ಟು ಅಂತಲೂ ಲೆಕ್ಕ! ಬ್ಲಾಗ್ ಜಗತ್ತಿಗೆಲ್ಲ ಗೊತ್ತಾಯಿತು. ಅಷ್ಟರಲ್ಲಿ ಒಂದು ಪತ್ರಿಕೆ ಅಡುಗೆಯವರನ್ನು ಕೆಲಸದಿಂದ ತೆಗೆಯಬೇಕು ಅನ್ನೋ ಅರ್ಥದ ತಲೆಬರಹ ಹಾಕಿಬಿಟ್ಟಿತು. ಅದು ಮಗುವಿನ ಮಾತಲ್ಲ, ಆದರೂ ಅಡುಗೆಯವರು ಹೆದರಿದರು, ಸ್ಥಳೀಯ ಕೌನ್ಸಿಲ್ ಫೋಟೊ ತೆಗೆಯೋದನ್ನೇ ನಿಷೇಧಿಸಿತು. ಜನ ಗಲಾಟೆ ಮಾಡಿದರು, ಮಾರನೇ ದಿನವೇ ನಿಷೇಧ ವಾಪಸ್. ಮಲಾವಿ ದೇಶದ ಶಾಲೆಯೊಂದಕ್ಕೆ ಅಡುಗೆಮನೆ ಕಟ್ಟಿಸಲು ಅವಳು 7,000 ಪೌಂಡ್ ಸೇರಿಸಬೇಕು ಅಂದುಕೊಂಡಿದ್ದಳು, ಈ ಗದ್ದಲದಲ್ಲಿ 1 ಲಕ್ಷ ಪೌಂಡ್ ದಾಟಿತು.

ಲಾಭ, ತೊಂದರೆ ಎರಡೂ ಇಲ್ಲೇ ಇವೆ, ಅಲ್ವಾ? ನೋಟ್‌ಬುಕ್ಕಿನ ಪ್ರಬಂಧಕ್ಕೆ ಓದುಗರು ನೀವೊಬ್ಬರೇ, ಅದೂ ಕೆಂಪು ಪೆನ್ ಹಿಡಿದು. ತನ್ನೂರು ನೋಡದ ಯಾರೋ ಓದುತ್ತಾರೆ ಅಂತ ಗೊತ್ತಾದರೆ ಮಗು ಬಿಡಿಸಿ ಹೇಳಲು ಕಲಿಯುತ್ತದೆ. ಓದುವವರು ಸಿಕ್ಕ ಮೇಲೆ ಬರೆದದ್ದು ಯಾರಿಗಾದರೂ ತಾಗಿಯೇ ತಾಗುತ್ತದೆ. ನಾಳೆ ನಿಮ್ಮ ಹುಡುಗಿ ‘ಇವತ್ತು ಬಿಸಿಯೂಟದ ಸಾಂಬಾರ್ ನೀರು ನೀರಾಗಿತ್ತು’ ಅಂತ ಬರೆದರೆ ಏನು ಮಾಡುತ್ತೀರಿ? ಹೆಡ್‌ಮಾಸ್ಟರ್, ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಸಮಿತಿಯವರ) ಜೊತೆ ಕೂತು ಇದನ್ನು ಮೊದಲೇ ಮಾತಾಡಿ. ಟೀಕೆಯೇ ಬೇಡ ಅನ್ನುವುದಾದರೆ ಬ್ಲಾಗೂ ಬೇಡ, ಮತ್ತೆ ಗೈಡಿನ ಪ್ರಬಂಧವೇ ಬರುತ್ತದೆ.

ಮಕ್ಕಳ ಸುರಕ್ಷತೆಯಲ್ಲಿ ಮಾತ್ರ ಸಡಿಲ ಬೇಡ. ಪ್ರತಿ ಮಗುವಿಗೂ ಬೇರೆ ಬ್ಲಾಗ್ ಯಾಕೆ, ಇಡೀ ತರಗತಿಗೆ ಒಂದೇ ಸಾಕು, ಖಾತೆ ನಿಮ್ಮ ಕೈಯಲ್ಲಿರಲಿ. ಗೂಗಲ್‌ನವರದೇ ಬ್ಲಾಗ್ ತಾಣವಾದ ‘ಬ್ಲಾಗರ್’ನಲ್ಲಿ ಬ್ಲಾಗು ಗೂಗಲ್ ಹುಡುಕಾಟಕ್ಕೆ ಸಿಗದ ಹಾಗೆ ಮಾಡಬಹುದು, ನೀವು ಹೇಳಿದವರಷ್ಟೇ ಓದುವ ಹಾಗೂ ಮಾಡಬಹುದು. ಮೊದಲ ಕೆಲವು ತಿಂಗಳು ಹಾಗೇ ಇರಲಿ. ಕಾಮೆಂಟ್ ನೀವು ಒಪ್ಪಿದ ಮೇಲೇ ಕಾಣಿಸಲಿ. ಪೂರ್ತಿ ಹೆಸರು, ಮುಖದ ಫೋಟೊ, ಮನೆ ಇರುವ ಓಣಿ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳು ಅಂತಲೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ. ಸಹಿ ಮಾಡಿದ ಒಪ್ಪಿಗೆ ಪತ್ರ ಫೈಲಿನಲ್ಲಿರಲಿ. ಹೆಡ್‌ಮಾಸ್ಟರ್‌ಗೂ ಧೈರ್ಯ.

ಕನ್ನಡ ಟೀಚರ್ ಆದ ನಿಮಗೆ ಇನ್ನೊಂದು ತೊಂದರೆ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಕ್ಕಳು ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮಾಡುತ್ತಾರೆ. ಣ ಬರೀಬೇಕೋ ನ ಬರೀಬೇಕೋ, ಒತ್ತು ಎಲ್ಲಿ, ಮಹಾಪ್ರಾಣ ಎಲ್ಲಿ ಅನ್ನೋದನ್ನು ಕೀಬೋರ್ಡೇ ಹೇಳಿಬಿಡುತ್ತದೆ, ಮಗು ಮೇಲೆ ಕಂಡ ಮೊದಲ ಪದ ಒತ್ತಿ ಮುಂದೆ ಹೋಗುತ್ತದೆ. ಪರೀಕ್ಷೆಯಲ್ಲಿ ಪೆನ್ ಹಿಡಿದಾಗ ಅದೇ ಮಗು ತಡವರಿಸುತ್ತದೆ. ಅದಕ್ಕೇ ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಲಿ, ನೀವು ನೋಡಿ, ಆಮೇಲೆ ಟೈಪ್ ಆಗಲಿ. ಟೈಪನ್ನು ಶಾಲೆಯ ಕಂಪ್ಯೂಟರಿನಲ್ಲೇ ಸರದಿ ಪ್ರಕಾರ ಮಾಡಿಸಿ. ಮನೆಯಲ್ಲಿ ಮಾಡಿಕೊಂಡು ಬನ್ನಿ ಅಂದರೆ ಸ್ಮಾರ್ಟ್‌ಫೋನ್ ಇಲ್ಲದ ಮಗು ಹಿಂದೆ ಬೀಳುತ್ತದೆ, ಅಪ್ಪನ ಫೋನ್ ರಾತ್ರಿ ಮಾತ್ರ ಸಿಗುವ ಮಗುವೂ ಅಷ್ಟೇ.

ಕಾಪಿ ವಿಷಯ. ‘ಪರಿಸರ ಸಂರಕ್ಷಣೆ’ ಅಂತ ಕೊಟ್ಟರೆ ಗೈಡ್ ಬದಲು ಚಾಟ್‌ಜಿಪಿಟಿ, ಅಷ್ಟೇ ವ್ಯತ್ಯಾಸ. ‘ಅಪ್ಪನ ಜೊತೆ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಒಯ್ದ ದಿನ’ ಅಂತ ಕೊಟ್ಟು ನೋಡಿ. ನಿಮ್ಮ ಕಡೆಯ ಮಾತಿನಲ್ಲೇ ಬರೆಯಲಿ, ‘ಹೋಗೇನಿ’, ‘ಬಂದೇನಿ’ ಇದ್ದರೆ ತಿದ್ದಬೇಡಿ. ಪ್ರತಿ ಬರಹಕ್ಕೂ ಮಾರ್ಕ್ಸ್ ಕೊಡಬೇಡಿ, ಕೊಟ್ಟರೆ ಮಕ್ಕಳು ಮತ್ತೆ ನಿಮಗೋಸ್ಕರವೇ ಬರೆಯುತ್ತಾರೆ. ಅದರ ಬದಲು ಗೆಳೆಯರ ಬರಹ ಓದಿ ಒಂದು ಪ್ರಶ್ನೆ ಕೇಳುವುದನ್ನು ಕಲಿಸಿ. ‘ಸೂಪರ್’ ಅನ್ನೋ ಕಾಮೆಂಟ್ ನಡೆಯಲ್ಲ, ‘ದಲಾಲಿ ಎಷ್ಟು ಹಿಡಿದರು?’ ಅನ್ನೋ ಥರ ಇರಬೇಕು.

ಸಮಯ? ಹೌದು, ತಿನ್ನುತ್ತದೆ. ವಾರಕ್ಕೆ ಐದಾರು ಮಕ್ಕಳ ಬರಹ ಸಾಕು, ಎಲ್ಲರದ್ದೂ ಬೇಡ.

ಇನ್ನು ವರ್ಷದ ಕೊನೆಗೆ ಬ್ಲಾಗಿನ ಬ್ಯಾಕಪ್ ಇಳಿಸಿಕೊಳ್ಳಿ, ಪ್ರಿಂಟ್ ತೆಗೆದು ಶಾಲೆಯ ಲೈಬ್ರರಿಗೆ ಕೊಡಿ. ತನ್ನ ಬರಹ ತೆಗೀರಿ ಅಂತ ಯಾವ ಮಗು ಕೇಳಿದರೂ ಕಾರಣ ಕೇಳದೆ ತೆಗೆದುಬಿಡಿ.