ಅಕ್ಕ ಕಾಣೆ, ಶವ ಸಿಕ್ಕಿಲ್ಲ: ಕೇಸು ಮುಂದೆ ಹೋಗುತ್ತದೆಯೇ?

ಅಕ್ಕನ ಶವ ಸಿಗದೆ ಕೇಸು ಮುಂದೆ ಹೋಗುತ್ತದೆಯೇ ಎಂದು ಕೇಳಿದ್ದೀರಿ. ಅಮೆರಿಕದಲ್ಲಿ ಆಕೆ ಕಾಣೆಯಾಗಿ ಇಷ್ಟು ವರ್ಷವಾದರೂ ಮಾಜಿ ಕ್ರೀಡಾಪಟುವಾದ ನಿಮ್ಮ ಭಾವನ ಮೇಲಿನ ಕೊಲೆ ಕೇಸು ಮುಂದೆ ಸಾಗದಿರುವುದಕ್ಕೆ ಶವ ಸಿಗದಿರುವುದೊಂದೇ ಕಾರಣವಲ್ಲ. ಆಕೆ ಬದುಕಿಲ್ಲ ಎಂಬುದಕ್ಕೆ ಪುರಾವೆ ಸಾಲದಿರುವುದೇ ಬಹುಶಃ ಅಡ್ಡಿ. ಅಲ್ಲಿ ಶವವಿಲ್ಲದೆ, ಸಾಂದರ್ಭಿಕ ಸಾಕ್ಷ್ಯದ ಮೇಲೂ ಶಿಕ್ಷೆಗಳಾಗಿವೆ. ಕೊಲೆಗೆ ಕಾಲಮಿತಿಯೂ ಇಲ್ಲ.

ಮೊದಲು ‘ನೇಮ್‌ಅಸ್’ ಎಂಬ, ಕಾಣೆಯಾದವರ ಮತ್ತು ಗುರುತು ಸಿಗದ ಶವಗಳ ವಿವರವಿರುವ ಅಮೆರಿಕ ಸರ್ಕಾರದ ಜಾಲತಾಣದಲ್ಲಿ ಅಕ್ಕನ ಹೆಸರಿದೆಯಾ ನೋಡಿ. ಇಲ್ಲದಿದ್ದರೆ ನೀವೇ ಸೇರಿಸಬಹುದು; ಪೊಲೀಸರು ದೃಢಪಡಿಸಿದ ಮೇಲೆ ಪ್ರಕಟವಾಗುತ್ತದೆ. ಆಮೇಲೆ, ಅಂಥ ಶವಗಳೊಂದಿಗೆ ಹೋಲಿಸಲು, ತನಿಖಾಧಿಕಾರಿಯ ಮೂಲಕವೇ ತಾಯಿಯ ಡಿಎನ್‌ಎ ಮಾದರಿ ಕೊಡಿಸಿ, ಕೆನ್ನೆಯ ಒಳಭಾಗದ ಸ್ವ್ಯಾಬ್ ಸಾಕು. ತಾಯಿ ಇಲ್ಲದಿದ್ದರೆ ಒಡಹುಟ್ಟಿದ ನಿಮ್ಮದೂ ಆದೀತು. ಹಲ್ಲಿನ ಎಕ್ಸ್‌ರೇ ಈಗಲೇ ಕೇಳಿ. ಹಳೆಯ ದಾಖಲೆಗಳನ್ನು ಕ್ಲಿನಿಕ್‌ನವರು ಎಸೆದುಬಿಡುತ್ತಾರೆ. ಕೊನೆಯ ಫೋನ್ ಕರೆ, ಬ್ಯಾಂಕ್ ವಹಿವಾಟುಗಳನ್ನು ದಿನಾಂಕವಾರು ಬರೆದು ಕೊಡಿ. ಭಾವನನ್ನು ಮಾತ್ರ ನೀವಾಗಿ ಕೆದಕಬೇಡಿ, ಆ ಕೆಲಸ ಪೊಲೀಸರದು.